ಸೆಲ್ಫ್ ಹೊಡೆಯುವ ಮೊದಲು ಬೋನೆಟ್ ಮುಟ್ಟಿ ನೋಡಿ

ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನೋಡಲು ಹೋಗುವವರು ಹಿಂದಿನ ದಿನವೇ ಮಾರುವವರಿಗೆ ಒಂದು ಮಾತು ಹೇಳಿಡಬೇಕು: ನಾವು ಬರುವತನಕ ಗಾಡಿ ಸ್ಟಾರ್ಟ್ ಮಾಡಬೇಡಿ. ಬೆಳಿಗ್ಗೆ ಹೊತ್ತಿಗೆ ಮುಂಚೆಯೇ ಹೋಗಿ, ಮೊದಲು ಬೋನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಮನೆಯವರು ಕೊಟ್ಟ ಕಾಫಿ ಕುಡಿದು, ಇನ್ನೊಂದು ದಿನ ಬರುತ್ತೇವೆ ಎಂದು ಹೇಳಿ ವಾಪಸಾಗಿ. ಬಣ್ಣ, ಸೀಟು, ಮ್ಯೂಸಿಕ್ ಸಿಸ್ಟಮ್ ಇವನ್ನೆಲ್ಲ ಯಾವ ಹೊತ್ತಿನಲ್ಲಾದರೂ ನೋಡಬಹುದು. ರಾತ್ರಿಯಿಡೀ ತಣ್ಣಗೆ ನಿಂತ ಡೀಸೆಲ್ ಎಂಜಿನ್ ಹೊತ್ತಿಕೊಳ್ಳುವ ಮೊದಲ ಕೆಲವು ಸೆಕೆಂಡು ಮಾತ್ರ ದಿನಕ್ಕೆ ಒಂದೇ ಸಲ ಸಿಗುತ್ತದೆ. ಆ ಎಂಜಿನ್ನಿನ ಆರೋಗ್ಯದ ಬಹುಪಾಲು ಅಲ್ಲಿಯೇ ತಿಳಿಯುತ್ತದೆ.

ಕಾರಣ ಡೀಸೆಲ್ ಎಂಜಿನ್ನಿನ ಹುಟ್ಟಿನಲ್ಲೇ ಇದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಬೆಂಕಿ ಹಚ್ಚಲು ಸ್ಪಾರ್ಕ್ ಪ್ಲಗ್ ಇರುತ್ತದೆ. ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದು, 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಜೋರಾಗಿ ಅದುಮಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಸುಡುವುದು ಇದೇ ಕಾರಣಕ್ಕೆ. ಇವತ್ತಿನ ಡೀಸೆಲ್ ಕಾರಿನ ಪಿಸ್ಟನ್ ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಹದಿನೇಳರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಗಾಳಿಯ ತಾಪ 500 ಡಿಗ್ರಿ ಸೆಲ್ಷಿಯಸ್ ದಾಟುತ್ತದೆ. ಅದರೊಳಕ್ಕೆ ಮಂಜಿನಂತೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ.

ಪಿಸ್ಟನ್ ರಿಂಗುಗಳು ಸವೆದಿದ್ದರೆ ಅದುಮಿದ ಗಾಳಿ ಸಂದಿಯಲ್ಲಿ ಸೋರುತ್ತದೆ, ಬೇಕಾದಷ್ಟು ಶಾಖ ಹುಟ್ಟುವುದಿಲ್ಲ. ಎಂಜಿನ್ ಬಿಸಿಯಾಗಿದ್ದಾಗ ಈ ಕೊರತೆ ಮುಚ್ಚಿಹೋಗುತ್ತದೆ, ಏಕೆಂದರೆ ಸಿಲಿಂಡರಿನ ಗೋಡೆಯೇ ಸುಡುತ್ತಿರುತ್ತದೆ. ತಣ್ಣಗಿರುವಾಗ ಮುಚ್ಚಿಡಲು ಜಾಗವಿಲ್ಲ. ಕೀ ತಿರುಗಿಸಿದಾಗ ಸ್ಪ್ರಿಂಗಿನಾಕಾರದ ಹಳದಿ ದೀಪ ಹತ್ತಿ ಆರುತ್ತದಲ್ಲ, ಅದು ಸಿಲಿಂಡರಿನೊಳಗಿನ ಗ್ಲೋ ಪ್ಲಗ್ ಎಂಬ ಪುಟ್ಟ ಹೀಟರ್ ಬಿಸಿಯಾಗುತ್ತಿದೆ ಎಂಬ ಸೂಚನೆ. ಅದು ಆರಿದ ಮೇಲೆ ಸೆಲ್ಫ್ ಹೊಡೆದರೆ ನಮ್ಮ ಊರುಗಳ ಹವೆಯಲ್ಲಿ ಒಂದೆರಡು ಸೆಕೆಂಡಿನಲ್ಲಿ ಗಾಡಿ ಸ್ಟಾರ್ಟ್ ಆಗಲೇಬೇಕು. ಎಳೆದೆಳೆದು ಸ್ಟಾರ್ಟ್ ಆದರೆ ಬ್ಯಾಟರಿ ಸೋತಿರಬಹುದು, ಗ್ಲೋ ಪ್ಲಗ್ ಸುಟ್ಟಿರಬಹುದು. ಇವು ಸಣ್ಣ ಖರ್ಚು. ಕಂಪ್ರೆಷನ್ ಹೋಗಿದ್ದರೆ, ಇಲ್ಲವೇ ಇಂಜೆಕ್ಟರುಗಳು ಒತ್ತಡ ಹಿಡಿದಿಡದೆ ಸೋರುತ್ತಿದ್ದರೆ ಅದು ದೊಡ್ಡ ಖರ್ಚು. ಯಾವುದೆಂದು ಪತ್ತೆಯಾಗುವ ತನಕ ಅಡ್ವಾನ್ಸ್ ಕೊಡಬೇಡಿ.

ಸ್ಟಾರ್ಟ್ ಆಗುವಾಗ ಒಬ್ಬರು ಒಳಗಿರಲಿ, ಇನ್ನೊಬ್ಬರು ಸೈಲೆನ್ಸರ್ ಹಿಂದೆ ನಿಲ್ಲಲಿ. ಒಂದು ಕ್ಷಣ ತೆಳ್ಳಗೆ ಹೊಗೆ ಬಂದು ಹೋದರೆ ಚಿಂತೆಯಿಲ್ಲ. ಕಣ್ಣು ಉರಿಸುವ ಬಿಳಿ ಹೊಗೆ ಹೊತ್ತಿಕೊಳ್ಳದ ಡೀಸೆಲ್. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ, ಸ್ವಲ್ಪ ಸಿಹಿ ವಾಸನೆಯ ಬಿಳಿ ಹೊಗೆಯಾದರೆ ಕೂಲೆಂಟ್ ಸಿಲಿಂಡರಿನೊಳಗೆ ಇಳಿಯುತ್ತಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಅನುಮಾನಿಸಿ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಕಪ್ಪು ಹೊಗೆ ಬಂದರೆ ಇಂಧನಕ್ಕೆ ತಕ್ಕ ಗಾಳಿ ಸಿಗುತ್ತಿಲ್ಲ: ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೋ ಪೈಪ್ ಸೀಳಿರಬಹುದು, ಇಂಜೆಕ್ಟರ್ ಸಿಂಪಡಿಸುವ ಬದಲು ಸುರಿಯುತ್ತಿರಬಹುದು.

ಇನ್ನು ಡಿಪ್‌ಸ್ಟಿಕ್. ಅದನ್ನು ಎಳೆದು ನೋಡಿ "ಆಯಿಲ್ ಕಪ್ಪಾಗಿದೆ" ಎಂದು ಚೌಕಾಸಿ ಮಾಡುವವರನ್ನು ಎಷ್ಟೋ ಕಡೆ ನೋಡುತ್ತೇವೆ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸಿದರೂ ಕಪ್ಪಾಗುತ್ತದೆ. ಉರಿಯುವಾಗ ಹುಟ್ಟುವ ಮಸಿಯನ್ನು ತನ್ನಲ್ಲಿ ತೇಲಿಸಿಕೊಂಡು ಎಂಜಿನ್ನಿಗೆ ಅಂಟದಂತೆ ಕಾಪಾಡುವುದೇ ಆಯಿಲ್ಲಿನ ಕೆಲಸಗಳಲ್ಲಿ ಒಂದು. ಕಪ್ಪು ತಪ್ಪಲ್ಲ. ಮಟ್ಟ ಕೆಳಗಿಳಿದಿದೆಯೇ, ಮೇಲಿನ ಗೆರೆಯನ್ನು ದಾಟಿದೆಯೇ, ಬೆರಳಲ್ಲಿ ಉಜ್ಜಿದರೆ ಮರಳಿನಂತೆ ಸಿಗುತ್ತದೆಯೇ, ಡೀಸೆಲ್ ವಾಸನೆ ಹೊಡೆಯುತ್ತದೆಯೇ ಎಂಬುದನ್ನು ನೋಡಬೇಕು. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಎಚ್ಚರದಿಂದ ಸಡಿಲಿಸಿ, ಅದರ ಜಾಗದಲ್ಲೇ ಸುಮ್ಮನೆ ಇಡಿ. ಸಣ್ಣಗೆ ನಡುಗಿದರೆ ಸರಿ. ಕುಣಿದು ಹಾರಿಬಿದ್ದು, ರೈಲಿನಂತೆ ಹೊಗೆ ಬಂದರೆ ರಿಂಗುಗಳ ಪಕ್ಕದಿಂದ ಗಾಳಿ ಕೆಳಗಿಳಿಯುತ್ತಿದೆ. ಮುಂಜಾನೆಯ ಸ್ಟಾರ್ಟಿಂಗಿನಲ್ಲಿ ಬಂದ ಅನುಮಾನಕ್ಕೆ ಇದು ಎರಡನೇ ಸಾಕ್ಷಿ.

ನಮ್ಮಲ್ಲಿ ಹಳೆಯ ಡೀಸೆಲ್ ಹ್ಯಾಚ್‌ಬ್ಯಾಕ್ ಎಂದರೆ ಬಹುಮಟ್ಟಿಗೆ ಮಾರುತಿ ಸ್ವಿಫ್ಟ್. ಅದರ 1248 ಸಿಸಿ ಎಂಜಿನ್ ಹುಟ್ಟಿದ್ದು ಇಟಲಿಯ ಫಿಯಟ್ ಕಂಪನಿಯಲ್ಲಿ. ಅದೇ ಎಂಜಿನ್ ರಿಟ್ಜ್, ಬಲೆನೊ, ಪುಂಟೊ, ಇಂಡಿಕಾ ವಿಸ್ಟಾಗಳಲ್ಲೂ ಓಡಿತು. ಒಂದು ಕಾಲಕ್ಕೆ ಜನ ಡೀಸೆಲ್ ಕಾರಿಗಾಗಿ ತಿಂಗಳುಗಟ್ಟಲೆ ಕಾದದ್ದೂ ಉಂಟು. ಡೀಸೆಲ್ ಅಷ್ಟು ಅಗ್ಗವಿತ್ತು: 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ 30 ರೂಪಾಯಿ ಮೀರಿದ ಅಂತರವಿತ್ತು. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ನಿಯಂತ್ರಣ ಬಿಟ್ಟುಕೊಟ್ಟಿತು. 2020ರ ಏಪ್ರಿಲಿನಲ್ಲಿ ಹೊಗೆ ತಗ್ಗಿಸುವ ಬಿಎಸ್ 6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಹಾಗಾಗಿ ಈಗ ಮಾರಾಟಕ್ಕಿರುವ ಡೀಸೆಲ್ ಸ್ವಿಫ್ಟ್‌ಗಳೆಲ್ಲ ಅದಕ್ಕೂ ಹಿಂದಿನವು, ಎಲ್ಲಕ್ಕೂ ವಯಸ್ಸಾಗಿದೆ.

ಫಿಯಟ್ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ. ಡೀಸೆಲ್ ಕಾರಿನ ಗದ್ದಲವನ್ನೂ ಹೊಗೆಯನ್ನೂ ತಗ್ಗಿಸಿದ ಕಾಮನ್ ರೈಲ್ ವ್ಯವಸ್ಥೆಯನ್ನು ಕಾರಿಗೆ ಹೊಂದಿಸಿದವರು ಅದೇ ಬಳಗದ ಎಂಜಿನಿಯರುಗಳು. ಬಾಷ್ ಕಂಪನಿ ಅದನ್ನು ಕೊಂಡು ಪೂರ್ಣಗೊಳಿಸಿತು, 1997ರಲ್ಲಿ ಅದು ಆಲ್ಫಾ ರೋಮಿಯೊ 156 ಕಾರಿನಲ್ಲಿ ರಸ್ತೆಗಿಳಿಯಿತು. ಒಂದು ಪಂಪು ಡೀಸೆಲನ್ನು ಗಟ್ಟಿ ಉಕ್ಕಿನ ಕೊಳವೆಯೊಳಗೆ 1600 ಬಾರ್‌ನಷ್ಟು ಒತ್ತಡದಲ್ಲಿ ತುಂಬಿಡುತ್ತದೆ. ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದೂವರೆ ಟನ್ನಿಗೂ ಹೆಚ್ಚು ಭಾರ. ಇಡೀ ಸ್ವಿಫ್ಟ್ ಕಾರು ತೂಗುವುದೇ ಒಂದು ಟನ್ನಿನ ಆಸುಪಾಸು. ಇಂಜೆಕ್ಟರಿನ ತುದಿಯ ತೂತುಗಳು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಒಳಗೆ ಚಲಿಸುವ ಸೂಜಿಗೂ ಅದರ ಕವಚಕ್ಕೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಈ ಪಂಪಿಗೂ ಇಂಜೆಕ್ಟರಿಗೂ ಬೇರೆ ಆಯಿಲ್ ಇಲ್ಲ. ಹರಿಯುವ ಡೀಸೆಲೇ ಅವುಗಳಿಗೆ ಜಾರುಗುಣ ಕೊಡಬೇಕು. ನೀರು ಸೇರಿದ ಇಲ್ಲವೇ ಸೀಮೆಎಣ್ಣೆ ಬೆರೆತ ಡೀಸೆಲ್ ಹಾಕಿಸಿದ ಕಾರಿನಲ್ಲಿ ಲೋಹ ಲೋಹವನ್ನೇ ಉಜ್ಜುತ್ತದೆ, ಉದುರಿದ ಪುಡಿ ನಾಲ್ಕೂ ಇಂಜೆಕ್ಟರುಗಳಿಗೆ ಹಂಚಿಹೋಗುತ್ತದೆ.

ಆದ್ದರಿಂದ ಮಾರುವವರನ್ನು ನಾನಾದರೆ ಮೊದಲು ಕೇಳುವುದು ಡೀಸೆಲ್ ಫಿಲ್ಟರ್ ಯಾವಾಗ ಬದಲಿಸಿದಿರಿ, ಬಿಲ್ ಇದೆಯೇ ಎಂದು. ಅನುಮಾನವಿದ್ದರೆ ಡೀಸೆಲ್ ಪಂಪ್ ಕೆಲಸ ಬಲ್ಲ ಗ್ಯಾರೇಜಿಗೆ ಕಾರು ಒಯ್ಯಿರಿ. ಪ್ರತಿ ಇಂಜೆಕ್ಟರಿನಿಂದ ವಾಪಸ್ ಹರಿಯುವ ಡೀಸೆಲನ್ನು ನಾಲ್ಕು ಬಾಟಲಿಗಳಲ್ಲಿ ಹಿಡಿದು ಅಳೆಯುತ್ತಾರೆ. ನಾಲ್ಕರ ಮಟ್ಟವೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ಸ್ಕ್ಯಾನರ್ ಹಾಕಿದರೆ ಕಂಪ್ಯೂಟರು ಯಾವ ಸಿಲಿಂಡರಿಗೆ ಎಷ್ಟು ಹೆಚ್ಚು ಕಡಿಮೆ ಇಂಧನ ಕೊಟ್ಟು ಸರಿದೂಗಿಸುತ್ತಿದೆ ಎಂಬುದೂ ತಿಳಿಯುತ್ತದೆ.

ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೋದ ಪರೀಕ್ಷೆಗೆ ಖಾಲಿ ರಸ್ತೆ ಸಾಕು. ಎಂಜಿನ್ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ ನಿಧಾನ ಹೋಗುತ್ತಾ ಎಕ್ಸಲರೇಟರ್ ಪೂರ್ತಿ ಒತ್ತಿ. ಸ್ವಿಫ್ಟ್ ಡೀಸೆಲ್ 2000 ಆರ್‌ಪಿಎಂ ತನಕ ಸೋಮಾರಿಯಂತಿದ್ದು ಆಮೇಲೆ ಬೆನ್ನು ಸೀಟಿಗೆ ಒರಗುವಂತೆ ಮುನ್ನುಗ್ಗಬೇಕು. ಮುನ್ನುಗ್ಗದಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ, ಇಲ್ಲವೇ ಟರ್ಬೋ ಸೋತಿದೆ. ಸಣ್ಣ ಶಿಳ್ಳೆ ಸಹಜ, ಸೈರನ್ನಿನಂಥ ಕೂಗು ಸಹಜವಲ್ಲ. ನಿಮಿಷಕ್ಕೆ ಒಂದು ಲಕ್ಷ ಸುತ್ತು ಮೀರಿ ತಿರುಗುವ ಟರ್ಬೋದ ದಂಡ ನಿಂತಿರುವುದು ಆಯಿಲ್ಲಿನ ತೆಳುಪದರದ ಮೇಲೆ. ಆಯಿಲ್ ಬದಲಿಸದೆ ಓಡಿಸಿದ ಕಾರಿನಲ್ಲಿ ಬೇಗ ಸಾಯುವ ಭಾಗಗಳಲ್ಲಿ ಇದೊಂದು. ಇದೇ ಓಡಾಟದಲ್ಲಿ ಕ್ಲಚ್ ಕೂಡ ನೋಡಿಬಿಡಿ: ನಾಲ್ಕನೇ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ.

ಇಲ್ಲಿ ಒಂದು ನಂಬಿಕೆಯನ್ನು ಗಟ್ಟಿಯಾಗಿಯೇ ಅಲ್ಲಗಳೆಯಬೇಕು. "ಕಮ್ಮಿ ಓಡಿದೆ ಸರ್, ಡಾಕ್ಟರ್ ಗಾಡಿ, ಮನೆಯಿಂದ ಆಸ್ಪತ್ರೆಗೆ ಅಷ್ಟೇ" ಎಂದಾಕ್ಷಣ ಕೊಳ್ಳುವವರ ಮುಖ ಅರಳುತ್ತದೆ. ಪೆಟ್ರೋಲ್ ಕಾರಿಗೆ ಆ ಮಾತು ಒಂದಷ್ಟು ಸಲ್ಲುತ್ತದೆ. ಡೀಸೆಲಿಗೆ ಅದು ಎಚ್ಚರಿಕೆಯ ಗಂಟೆ. ದಿನಾ ಮೂರು ಕಿಲೋಮೀಟರ್ ಟ್ರಾಫಿಕ್ಕಿನಲ್ಲಿ ತೆವಳುವ ಡೀಸೆಲ್ ಎಂಜಿನ್ ಎಂದೂ ಪೂರ್ತಿ ಬಿಸಿಯಾಗುವುದಿಲ್ಲ, ಅರೆಬೆಂದ ಇಂಧನ ಮಸಿಯಾಗುತ್ತದೆ. ನೈಟ್ರೋಜನ್ ಆಕ್ಸೈಡ್ ತಗ್ಗಿಸಲೆಂದು ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಇಜಿಆರ್ ವಾಲ್ವ್ ಆ ಮಸಿಯಿಂದ ಕಟ್ಟಿಕೊಳ್ಳುತ್ತದೆ. 2020ರ ನಂತರದ ಆಲ್ಟ್ರೋಜ್, ಐ20 ಡೀಸೆಲ್‌ಗಳಲ್ಲಿ ಕಷ್ಟ ಇನ್ನೊಂದು ಮೆಟ್ಟಿಲು ಮೇಲೆ. ಅವುಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜರಡಿ ಇದೆ. ಅದು ತುಂಬಿದಾಗ ಕಾರು ಹೆಚ್ಚುವರಿ ಡೀಸೆಲ್ ಸುರಿದು, ಜರಡಿಯನ್ನು 600 ಡಿಗ್ರಿಯ ಸುತ್ತ ಕಾಯಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಅದಕ್ಕೆ ನಡುವೆ ತಡೆಯಿಲ್ಲದ ಓಟ ಬೇಕು. ಅಷ್ಟರಲ್ಲಿ ಆಫೀಸು ಬಂತೆಂದು ಕೀ ತಿರುಗಿಸಿದರೆ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಜಾರಿ ಆಯಿಲ್ಲಿಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮೇಲೇರುವುದು ಹೀಗೆ. ಆಯಿಲ್ ಹೆಚ್ಚಾಗಿದೆ ಎಂದು ಖುಷಿಪಡುವಂತಿಲ್ಲ, ಅದು ತೆಳುವಾಗಿದೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತು ಹತ್ತು ವರ್ಷದಲ್ಲಿ 40 ಸಾವಿರ ಕಿಲೋಮೀಟರ್ ಓಡಿದ ಕಾರಿಗಿಂತ, ವಾರವಾರ ಹುಬ್ಬಳ್ಳಿಗೆ ಹೋಗಿಬಂದು, ಹೊತ್ತುಹೊತ್ತಿಗೆ ಆಯಿಲ್ ಕಂಡು, ಒಂದು ಲಕ್ಷ 20 ಸಾವಿರ ಓಡಿದ ಕಾರನ್ನು ನಾನು ಆರಿಸಿಕೊಳ್ಳುತ್ತೇನೆ. ಜೊತೆಗೆ, ಮೀಟರಿನ ಅಂಕಿ ಒಂದು ಚಿಪ್‌ನೊಳಗಿನ ಬರಹ, ಅದನ್ನು ತಿದ್ದುವುದು ಕಷ್ಟವಲ್ಲ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಗಾಡಿ ನಂಬರ್ ಕೊಟ್ಟು ಯಾವ ವರ್ಷ ಎಷ್ಟು ಕಿಲೋಮೀಟರ್ ದಾಖಲಾಗಿದೆ ಎಂದು ಮಾಲೀಕರಿಂದಲೇ ಕೇಳಿಸಿ. ಬ್ರೇಕ್ ಪೆಡಲಿನ ರಬ್ಬರ್, ಸ್ಟಿಯರಿಂಗಿನ ಹೊಳಪು, ಡ್ರೈವರ್ ಸೀಟಿನ ಅಂಚು ಇವೂ ಹೇಳುತ್ತವೆ. ಟೈರಿನ ಪಕ್ಕದ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ: 3219 ಎಂದರೆ 2019ರ 32ನೇ ವಾರ.

ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಚೈನೋ ಬೆಲ್ಟೋ ಎಂದೂ ಕೇಳಿ ತಿಳಿಯಿರಿ. ಸ್ವಿಫ್ಟ್‌ನದು ಚೈನು. ತಣ್ಣನೆಯ ಸ್ಟಾರ್ಟಿಂಗಿನಲ್ಲಿ ಗಲಗಲ ಸದ್ದು ಬಂದು ನಿಲ್ಲದಿದ್ದರೆ ಚೈನು ಸಡಿಲಾಗಿದೆ. ಪೋಲೊ 1.5, ಫಿಗೊ, ಮೈಕ್ರಾ ಡೀಸೆಲ್‌ಗಳದು ಬೆಲ್ಟು. ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬೆಲ್ಟ್ ತುಂಡಾದರೆ ಪಿಸ್ಟನ್ ವಾಲ್ವುಗಳಿಗೆ ಬಡಿಯುತ್ತದೆ.

ನೀರಿನಲ್ಲಿ ಮುಳುಗಿದ ಕಾರಿನ ಭಯ ಡೀಸೆಲಿಗೇ ಹೆಚ್ಚು. ಲೆಕ್ಕ ಹಾಕಿ ನೋಡಿ. 1248 ಸಿಸಿ ಎಂಜಿನ್ನಿನ ಒಂದು ಸಿಲಿಂಡರ್ 312 ಸಿಸಿ. ಹದಿನೇಳು ಪಟ್ಟು ಅದುಮಿದಾಗ ಪಿಸ್ಟನ್ ಮೇಲೆ ಉಳಿಯುವ ಜಾಗ 20 ಮಿಲಿಲೀಟರಿಗೂ ಕಡಿಮೆ, ನಾಲ್ಕು ಟೀ ಚಮಚದಷ್ಟು. ನೀರನ್ನು ಅದುಮಲು ಬಾರದು. ಅಷ್ಟು ನೀರು ಏರ್ ಫಿಲ್ಟರ್ ದಾರಿಯಲ್ಲಿ ಒಳಹೋದರೂ ಸಾಕು, ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. 2018ರಲ್ಲಿ ಕೊಡಗು, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗ ಮುಳುಗಿದಾಗ ನಿಂತಲ್ಲೇ ನೀರು ಕುಡಿದ ಕಾರುಗಳು ತೊಳೆಸಿಕೊಂಡು ಮಾರುಕಟ್ಟೆಗೆ ಬರುವುದನ್ನು ತಡೆಯುವವರಿಲ್ಲ. ಸೀಟ್ ಬೆಲ್ಟನ್ನು ಕೊನೆಯತನಕ ಎಳೆಯಿರಿ, ತೊಳೆಯುವವರ ಕೈ ಅಲ್ಲಿಗೆ ಹೋಗಿರುವುದಿಲ್ಲ. ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಹಳಿಗಳ ತುಕ್ಕು, ಸ್ಟೆಪ್ನಿ ಗುಂಡಿಯ ಮಣ್ಣು, ಕಾರ್ಪೆಟ್ ಅಡಿಯ ವಾಸನೆ ನೋಡಿ.

ಕಾಗದಪತ್ರದಲ್ಲಿ ವಯಸ್ಸು ಮುಖ್ಯ. ನೋಂದಣಿಯಾಗಿ 15 ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ, ನವೀಕರಿಸಿದರೆ ಐದು ವರ್ಷ ಸಿಗುತ್ತದೆ. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿದ ಮೇಲೆ ಅಲ್ಲಿಯ ಕಾರುಗಳು ಅಗ್ಗಕ್ಕೆ ದಕ್ಷಿಣಕ್ಕೆ ಹರಿದುಬಂದವು. ಅಂಥದನ್ನು ಕೊಂಡರೆ ಅಲ್ಲಿಯ ಆರ್‌ಟಿಒ ಎನ್‌ಒಸಿ ಬೇಕು, ಇಲ್ಲಿ ಮರುನೋಂದಣಿಗೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಅಗ್ಗ ಎಷ್ಟು ಉಳಿಯುತ್ತದೆ ಎಂಬುದನ್ನು ಆಮೇಲೆ ಲೆಕ್ಕಹಾಕಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರದೆ ದುಡ್ಡು ಕೊಡಬೇಡಿ.

ಇಷ್ಟೆಲ್ಲ ತಪಾಸಣೆಗಿಂತ ಮೊದಲೇ ಕೇಳಿಕೊಳ್ಳಬೇಕಾದದ್ದು ನಿಮಗೆ ಡೀಸೆಲ್ ಬೇಕೇ ಎಂದು. ಪೆಟ್ರೋಲ್ ಕಾರು ಲೀಟರಿಗೆ 16, ಡೀಸೆಲ್ 20 ಕಿಲೋಮೀಟರ್ ಕೊಡುತ್ತದೆ, ಬೆಲೆ 102 ಮತ್ತು 90 ರೂಪಾಯಿ ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ ಉಳಿಯುವುದು ಎರಡು ರೂಪಾಯಿಗಿಂತ ಸ್ವಲ್ಪ ಕಡಿಮೆ. ತಿಂಗಳಿಗೆ 400 ಕಿಲೋಮೀಟರ್ ಓಡಿಸುವವರಿಗೆ ವರ್ಷಕ್ಕೆ ಒಂಬತ್ತು ಸಾವಿರದಷ್ಟು ಉಳಿತಾಯ, ಒಂದೇ ಒಂದು ಇಂಜೆಕ್ಟರ್ ಕೆಟ್ಟರೆ ಅದು ಅಲ್ಲಿಗೇ ಮುಗಿಯಬಹುದು. ತಿಂಗಳಿಗೆ 2000 ಓಡಿಸುವವರಿಗೆ, ಅದೂ ಹೆದ್ದಾರಿಯಲ್ಲಿ, ಡೀಸೆಲಿನ ಲೆಕ್ಕ ಇಂದಿಗೂ ಸರಿಹೊಂದುತ್ತದೆ.

ನಿಮ್ಮ ಲೆಕ್ಕ ಸರಿಹೊಂದುವುದಾದರೆ, ಕೊನೆಗೊಮ್ಮೆ ಅರ್ಧ ಗಂಟೆ ಓಡಿಸಿ ಬಂದು ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಾದಾಗ ಸ್ಟಾರ್ಟ್ ಆಗಲು ಒದ್ದಾಡಿದರೆ ಇಂಜೆಕ್ಟರ್ ಇಲ್ಲವೇ ಪಂಪು ಸೋರುತ್ತಿರಬಹುದು. ಕಾರಿನಡಿ ಹನಿ ಬಿದ್ದಿದೆಯೇ ನೋಡಿ. ಮಾರುವವರು ತೋರಿಸಿದ ಮೆಕ್ಯಾನಿಕ್ಕನ್ನು ಬಿಟ್ಟು ನಿಮ್ಮವರಿಗೇ ದುಡ್ಡು ಕೊಟ್ಟು ಲಿಫ್ಟಿಗೇರಿಸಿ ತೋರಿಸಿ. ಕೊಂಡ ಮೇಲೆ ಮಾರಿದವರು ಏನೇ ಹೇಳಿರಲಿ, ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ನಾಲ್ಕನ್ನೂ ಒಟ್ಟಿಗೆ ಬದಲಿಸಿ ಆ ದಿನದ ಮೀಟರ್ ಅಂಕಿಯನ್ನು ಬರೆದಿಡಿ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಆದ ದಿನದಿಂದ 14 ದಿನದೊಳಗೆ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.