ಅಕ್ಷರ ಒಲಿಯದ ಮಗು ದಡ್ಡ ಮಗುವಲ್ಲ



ಮಳೆಗಾಲಕ್ಕೆ ಮೊದಲು ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನವನ್ನು ನೆನಪಿಸಿಕೊಳ್ಳಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. "ಇನ್ನೂರ ಐವತ್ತು ಲೀಟರಿಗೆ ಎಷ್ಟು ಬೇಕು ಮಗಾ?" ಎಂದು ಅಪ್ಪ ಕೇಳಿದರೆ ನಾಲ್ಕನೇ ತರಗತಿಯ ಹುಡುಗ ನಿಂತಲ್ಲೇ "ಎರಡೂವರೆ, ಎರಡೂವರೆ" ಎನ್ನುತ್ತಾನೆ. ಅದೇ ಹುಡುಗ ಶಾಲೆಯಲ್ಲಿ ಪುಸ್ತಕ ಹಿಡಿದು ನಿಂತರೆ 'ಕಲ್ಲು' ಎಂಬುದನ್ನು 'ಕಲು' ಎಂದು ಓದುತ್ತಾನೆ. ಒಂದು ಸಾಲು ಮುಗಿಸುವಷ್ಟರಲ್ಲಿ ಬೆವರುತ್ತಾನೆ. ಕಾಪಿ ಪುಸ್ತಕದ ತುಂಬ ಕೆಂಪು ಗೆರೆ. "ಆಟಕ್ಕೆ ಮುಂದೆ, ಪಾಠಕ್ಕೆ ಸೋಮಾರಿ" ಎಂದು ಶಾಲೆಯವರು ಹೇಳುತ್ತಾರೆ. ಮನೆಯಲ್ಲಿ ಬೆತ್ತ ಹೊರಗೆ ಬರುತ್ತದೆ.

ಇಂಥ ಹುಡುಗ ಅಥವಾ ಹುಡುಗಿ ನಮ್ಮ ನೆರೆಯಲ್ಲೇ ಇರಬಹುದು, ನಮ್ಮ ಮನೆಯಲ್ಲೂ ಇರಬಹುದು. ಇದು ಸೋಮಾರಿತನವೋ ಬೇರೇನೋ ಎಂದು ತಿಳಿಯದೆ ಹೊಡೆದರೆ ಮಗುವಿನ ಓದು ಸುಧಾರಿಸುವುದಿಲ್ಲ, ಧೈರ್ಯ ಮಾತ್ರ ಹೋಗುತ್ತದೆ. ಆದುದರಿಂದ ಈ ಸಲ ಕಲಿಕಾ ನ್ಯೂನತೆಯ ಕುರಿತು ತಿಳಿದುಕೊಳ್ಳೋಣ.

ಏನಿದು ಕಲಿಕಾ ನ್ಯೂನತೆ?

ಬುದ್ಧಿ ಸಾಕಷ್ಟಿದ್ದು, ಕಣ್ಣು ಕಿವಿ ಸರಿಯಾಗಿದ್ದು, ಶಾಲೆಗೆ ತಪ್ಪದೆ ಹೋಗುತ್ತಿದ್ದರೂ ಓದು, ಬರಹ ಅಥವಾ ಲೆಕ್ಕ ಇವುಗಳಲ್ಲಿ ಒಂದೋ ಹೆಚ್ಚೋ ಮಗುವಿಗೆ ಹಿಡಿತಕ್ಕೆ ಬಾರದಿರುವುದೇ ಕಲಿಕಾ ನ್ಯೂನತೆ. ಓದಿನ ತೊಂದರೆಗೆ ಡಿಸ್ಲೆಕ್ಸಿಯಾ, ಬರಹದ ತೊಂದರೆಗೆ ಡಿಸ್ಗ್ರಾಫಿಯಾ, ಲೆಕ್ಕದ ತೊಂದರೆಗೆ ಡಿಸ್ಕ್ಯಾಲ್ಕುಲಿಯಾ ಎಂದು ಹೆಸರು. ಇದು ಹುಟ್ಟಿನಿಂದಲೇ ಮಿದುಳು ಕೆಲಸ ಮಾಡುವ ರೀತಿಯಲ್ಲಿರುವ ವ್ಯತ್ಯಾಸ. ಕಿವಿಗೆ ಬಿದ್ದ ಸ್ವರವನ್ನು ಕಣ್ಣಿಗೆ ಕಾಣುವ ಅಕ್ಷರಕ್ಕೆ ಜೋಡಿಸುವ ಕೆಲಸ ಇಂಥ ಮಕ್ಕಳಲ್ಲಿ ನಿಧಾನವಾಗಿ, ಕಷ್ಟಪಟ್ಟು ನಡೆಯುತ್ತದೆ. ಕುಟುಂಬದಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಬರುವ ಸಂಭವ ಹೆಚ್ಚು. "ನನಗೂ ಅಕ್ಷರ ಹತ್ತಲಿಲ್ಲ, ನಾಲ್ಕಕ್ಕೇ ಶಾಲೆ ಬಿಟ್ಟೆ" ಎನ್ನುವ ತಂದೆ ಒಂದು ಕ್ಷಣ ನಿಂತು ಯೋಚಿಸಬೇಕು.

ಇದು ಹೊಸ ರೋಗವೂ ಅಲ್ಲ, ಟಿ.ವಿ., ಮೊಬೈಲ್ ತಂದ ಕೇಡೂ ಅಲ್ಲ. 1896ರಲ್ಲಿಯೇ ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮೋರ್ಗನ್ ಹದಿನಾಲ್ಕು ವರ್ಷದ ಒಬ್ಬ ಹುಡುಗನ ವಿಷಯ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಆತ ಚುರುಕಿನ ಹುಡುಗ, ಆದರೆ ತನ್ನ ಹೆಸರನ್ನೇ ತಪ್ಪಾಗಿ ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇಡೀ ಶಾಲೆಗೆ ಇವನೇ ಜಾಣ ಎಂಬುದು ಅವನ ಅಧ್ಯಾಪಕರ ಅಭಿಪ್ರಾಯವಾಗಿತ್ತು. ನಮ್ಮ ಬೋರ್ಡೋ ಲೆಕ್ಕದ ಹುಡುಗನೂ ಅವನಂತೆಯೇ ಅಲ್ಲವೇ?

ಬೇರೆ ಬೇರೆ ಭಾಷೆಗಳ ಶಾಲಾಮಕ್ಕಳಲ್ಲಿ ನೂರಕ್ಕೆ 5ರಿಂದ 15 ಮಂದಿಗೆ ಈ ತೊಂದರೆ ಇರಬಹುದೆಂದು ತಜ್ಞರ ಅಂದಾಜು. ಅಂದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಒಬ್ಬಿಬ್ಬರಾದರೂ ಇರಬಹುದು.

ನಮ್ಮ ಲಿಪಿ, ನಮ್ಮ ಮನೆಮಾತು

ಕನ್ನಡದಲ್ಲಿ ಬರೆದಂತೆ ಓದುತ್ತೇವೆ; ಆ ಮಟ್ಟಿಗೆ ಇಂಗ್ಲಿಷಿಗಿಂತ ಸುಲಭ. ಆದರೆ ಕಾಗುಣಿತ, ಒತ್ತಕ್ಷರ ಸೇರಿ ಕಲಿಯಬೇಕಾದ ರೂಪಗಳು ನೂರಾರು. ಬ-ಭ, ದ-ಧ, ಪ-ಷ, ಮ-ವ ಇವುಗಳ ನಡುವೆ ವ್ಯತ್ಯಾಸ ಒಂದು ಗೆರೆಯದು ಅಥವಾ ಕೊಂಡಿಯದು. ಒತ್ತಕ್ಷರವನ್ನು ಕೆಳಗೆ ಬರೆದು ಆಮೇಲೆ ಉಚ್ಚರಿಸುತ್ತೇವೆ. 'ಧರ್ಮ' ಎಂಬಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ಕೊನೆಗೆ ಬರೆಯುತ್ತೇವೆ. ಸಾಮಾನ್ಯ ಮಗುವಿಗೂ ಇದೆಲ್ಲ ಕೈವಶವಾಗಲು ನಾಲ್ಕೈದು ವರ್ಷ ಬೇಕು.

ಕಾಸರಗೋಡಿನ ನಮ್ಮ ಮಕ್ಕಳಿಗೆ ಹೊರೆ ಇನ್ನೂ ಹೆಚ್ಚು. ಮನೆಯಲ್ಲಿ ಕೊಂಕಣಿ ಅಥವಾ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ. ಆದುದರಿಂದ ಒಂದು ಎಚ್ಚರ ಬೇಕು. ಶಾಲೆಯ ಭಾಷೆ ಹೊಸದಾದ ಕಾರಣ ಹಿಂದೆ ಬಿದ್ದ ಮಗುವಿಗೆ ಕಲಿಕಾ ನ್ಯೂನತೆ ಎಂದು ಹಣೆಪಟ್ಟಿ ಹಚ್ಚಬಾರದು. ಹಾಗೆಯೇ "ಭಾಷೆ ಹೆಚ್ಚಾಯಿತು, ಮುಂದೆ ಸರಿಯಾದೀತು" ಎಂದು ವರ್ಷಗಟ್ಟಲೆ ಕಾಯಲೂಬಾರದು. ಮನೆಮಾತಿನಲ್ಲಿ ಚೆನ್ನಾಗಿ ಕತೆ ಹೇಳುವ ಮಗು ಎರಡು ಮೂರು ವರ್ಷ ಕಲಿತರೂ ಯಾವ ಲಿಪಿಯನ್ನೂ ಸರಾಗವಾಗಿ ಓದದಿದ್ದರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಗುರುತಿಸುವುದು ಹೇಗೆ?

ಈ ಕೆಳಗಿನವುಗಳಲ್ಲಿ ಹಲವು ಒಟ್ಟಾಗಿ, ಆರು ತಿಂಗಳಿಗೂ ಹೆಚ್ಚು ಕಾಲ ಕಂಡರೆ ಗಮನ ಕೊಡಿ:

1. ನಿನ್ನೆ ಕಲಿತ ಅಕ್ಷರ ಇಂದು ಮರೆತುಹೋಗುವುದು.
2. ದೀರ್ಘ, ಒತ್ತು, ಮಹಾಪ್ರಾಣ ಬಿಟ್ಟು ಓದುವುದು, ಬರೆಯುವುದು.
3. ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿ ಹೇಳುವುದು. ಓದುವಾಗ ಸಾಲು ತಪ್ಪುವುದು.
4. ಬೋರ್ಡಿನಿಂದ ಬರೆದುಕೊಳ್ಳಲು ಬಹಳ ಹೊತ್ತು ಹಿಡಿಯುವುದು.
5. ಮಗ್ಗಿ ನೆನಪಿನಲ್ಲಿ ನಿಲ್ಲದಿರುವುದು. 17ನ್ನು 71 ಎಂದು ಬರೆಯುವುದು.
6. ಬಾಯಲ್ಲಿ ಸರಿಯಾದ ಉತ್ತರ, ಕಾಗದದಲ್ಲಿ ಸೊನ್ನೆ.
7. ಓದುವ ಹೊತ್ತಿಗೆ ಹೊಟ್ಟೆನೋವು, ತಲೆನೋವು, ಅಳು.

ಯಾರ ಬಳಿ ಹೋಗಬೇಕು?

ಮೊದಲು ಕಣ್ಣು, ಕಿವಿ ಪರೀಕ್ಷೆಯಾಗಲಿ. ರಕ್ತಹೀನತೆ, ನಿದ್ರೆಯ ಕೊರತೆ, ಮೂರ್ಛೆರೋಗ ಇವುಗಳಿಂದಲೂ ಮಗು ಪಾಠದಲ್ಲಿ ಹಿಂದೆ ಬೀಳಬಹುದು. ಇವು ಇಲ್ಲವೆಂದಾದರೆ ಮಕ್ಕಳ ಡಾಕ್ಟರರ ಮೂಲಕ ಮನಃಶಾಸ್ತ್ರಜ್ಞರನ್ನು ಕಾಣಬೇಕು. ಅವರು ಬುದ್ಧಿಶಕ್ತಿ ಮತ್ತು ಓದು-ಬರಹ-ಲೆಕ್ಕ ಎರಡನ್ನೂ ಪರೀಕ್ಷಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಸಿದ್ಧಪಡಿಸಿದ ಪರೀಕ್ಷಾ ಮಾಲೆ ಇದಕ್ಕೆ ಬಳಕೆಯಲ್ಲಿದೆ. ಮಗು ಕಲಿತ ಭಾಷೆಯಲ್ಲಿಯೇ ಪರೀಕ್ಷೆ ನಡೆಯಬೇಕೆಂದು ಕೇಳಿ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಹೆತ್ತವರು ಬ್ಲಾಕ್ ಸಂಪನ್ಮೂಲ ಕೇಂದ್ರದ, ಅಂದರೆ ಬಿ.ಆರ್.ಸಿ.ಯ, ವಿಶೇಷ ಅಧ್ಯಾಪಕರ ಕುರಿತು ಶಾಲೆಯಲ್ಲಿ ವಿಚಾರಿಸಿ.

ಕಲಿಕಾ ನ್ಯೂನತೆಗೆ ಮಾತ್ರೆ, ಟಾನಿಕ್ ಇಲ್ಲ. ನೆನಪಿನ ಶಕ್ತಿಯ ಲೇಹ್ಯಕ್ಕೆ ಸುರಿಯುವ ಹಣದಿಂದ ಪ್ರಯೋಜನವಿಲ್ಲ. ಇದಕ್ಕೆ ಔಷಧ ಎಂದರೆ ಬೇರೆ ರೀತಿಯಲ್ಲಿ ಕಲಿಸುವುದು. ಬೇಗ ಆರಂಭಿಸಿದಷ್ಟೂ ಫಲ ಹೆಚ್ಚು.

ಮನೆಯಲ್ಲಿ ಮಾಡಬಹುದಾದದ್ದು

ಹಿಂದಿನವರು ಮಕ್ಕಳಿಗೆ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಕಣ್ಣು ನೋಡುತ್ತದೆ, ಬೆರಳು ಎಳೆಯುತ್ತದೆ, ಬಾಯಿ ಹೇಳುತ್ತದೆ, ಕಿವಿ ಕೇಳುತ್ತದೆ. ವಿಶೇಷ ಅಧ್ಯಾಪಕರು ಇಂದು ಮಾಡಿಸುವ ಅಭ್ಯಾಸದ ತಿರುಳೂ ಇದೇ. ಒಂದು ತಟ್ಟೆಯಲ್ಲಿ ಅಕ್ಕಿ ಅಥವಾ ನಯವಾದ ಮರಳು ಹರಡಿ ದಿನಕ್ಕೆ ಎರಡೇ ಅಕ್ಷರ ಬರೆಸಿ. ಒಂದನ್ನೊಂದು ಹೋಲುವ ಬ-ಭಗಳನ್ನು ಒಂದೇ ದಿನ ಕಲಿಸಬೇಡಿ. ಒತ್ತಕ್ಷರವನ್ನು ಬಿಡಿಸಿ ಹೇಳಿಸಿ: 'ಕಲ್', 'ಲು', ಕೂಡಿದರೆ 'ಕಲ್ಲು'. ಚಪ್ಪಾಳೆ ತಟ್ಟಿ ಶಬ್ದವನ್ನು ತುಂಡು ಮಾಡುವುದು ಮಕ್ಕಳಿಗೆ ಆಟವೂ ಹೌದು.

ಓದುವಾಗ ಒಂದು ಸಾಲು ಮಾತ್ರ ಕಾಣುವಂತೆ ರಟ್ಟಿನ ತುಂಡಿನಲ್ಲಿ ಕಿಂಡಿ ಕತ್ತರಿಸಿ ಕೊಡಿ. ಒಂದು ಸಾಲು ನೀವು ಓದಿ, ಅದನ್ನೇ ಮಗು ಓದಲಿ. ಲೆಕ್ಕಕ್ಕೆ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯೇ ಸಾಕು. ಹತ್ತರ ರಾಶಿ ಮಾಡಿಸಿ, ಕೂಡಿಸಿ, ಕಳೆಯಿಸಿ, ಆಮೇಲೆ ಅದನ್ನೇ ಪುಸ್ತಕದಲ್ಲಿ ಬರೆಸಿ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಬೇಕು. ತಪ್ಪಿದ ಶಬ್ದವನ್ನು ಐವತ್ತು ಸಲ ಬರೆಸುವುದರಿಂದ ಕೈ ನೋಯುತ್ತದೆ, ಕಲಿಕೆ ಆಗುವುದಿಲ್ಲ. ಅಕ್ಕನೊಂದಿಗೆ, ನೆರೆಮನೆಯ ಮಗುವಿನೊಂದಿಗೆ ಹೋಲಿಸಬೇಡಿ.

ಶಾಲೆಯಲ್ಲಿ

ಅಧ್ಯಾಪಕರಲ್ಲಿ ನಮ್ಮ ವಿನಂತಿ ಇಷ್ಟೇ. ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ. ಎಲ್ಲರ ಎದುರು ಥಟ್ಟನೆ ಗಟ್ಟಿಯಾಗಿ ಓದಿಸಬೇಡಿ. ಓದಿಸಲೇಬೇಕಾದರೆ ಹಿಂದಿನ ದಿನವೇ ಆ ಭಾಗ ಕೊಡಿ. ಭಾನುವಾರದ ಕ್ರಿಸ್ತೋಪದೇಶ ತರಗತಿಗೂ ಈ ಮಾತು ಸಲ್ಲುತ್ತದೆ. ವಿಜ್ಞಾನ, ಸಮಾಜ ಪಾಠಗಳ ಉತ್ತರವನ್ನು ಬಾಯಲ್ಲಿ ಕೇಳಿ. ಕಾಗುಣಿತದ ತಪ್ಪಿಗಾಗಿ ವಿಷಯದ ಅಂಕ ಕಡಿಯಬೇಡಿ. 2009ರ ಶಿಕ್ಷಣ ಹಕ್ಕು ಕಾನೂನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ ಎಂಬುದನ್ನು ಮರೆಯದಿರೋಣ.

ಕಾನೂನಿನ ಬೆಂಬಲ

1995ರ ಅಂಗವಿಕಲರ ಕಾನೂನಿನಲ್ಲಿ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಹೊಸ ಕಾನೂನು 21 ವಿಧದ ನ್ಯೂನತೆಗಳಲ್ಲಿ ಇದನ್ನೂ ಸೇರಿಸಿತು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ರೀತಿಯಲ್ಲಿ ಕಲಿಸುವುದು ಶಾಲೆಗಳ ಕರ್ತವ್ಯವೆಂದು ಆ ಕಾನೂನು ಹೇಳುತ್ತದೆ. ಕೇಂದ್ರ ಸರಕಾರದ 2018ರ ಮಾರ್ಗಸೂಚಿಯ ಪ್ರಕಾರ ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಕೊಡಬಹುದಾಗಿತ್ತು; 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಆಗಬೇಕಿತ್ತು. ಆದರೆ ಮನೆಯ ಅಭ್ಯಾಸಕ್ಕೆ ಪ್ರಮಾಣಪತ್ರ ಕಾಯಬೇಕಾಗಿಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಉತ್ತರ ಬರೆದುಕೊಡುವ ಸಹಾಯಕ ಮುಂತಾದ ಸೌಲಭ್ಯಗಳಿಗೆ ಮುಖ್ಯೋಪಾಧ್ಯಾಯರ ಮೂಲಕ ಮುಂಚಿತವಾಗಿ ಅರ್ಜಿ ಹೋಗಬೇಕು. ಪರೀಕ್ಷೆ ಹತ್ತಿರ ಬಂದ ಮೇಲೆ ಓಡಾಡಿದರೆ ಕೆಲಸವಾಗದು. "ನಮ್ಮ ಮಗುವಿಗೆ ಅಂಗವಿಕಲ ಎಂಬ ಹೆಸರೇ? ನಾಳೆ ಮದುವೆ ಸಂಬಂಧಕ್ಕೆ ತೊಂದರೆಯಾದೀತು" ಎಂದು ಕೆಲವರು ಹಿಂಜರಿಯುತ್ತಾರೆ. ಹತ್ತನೆಯದರಲ್ಲಿ ಸೋತು 'ದಡ್ಡ' ಎಂಬ ಹೆಸರು ಹೊತ್ತು ಮನೆಯಲ್ಲಿ ಕೂರುವುದಕ್ಕಿಂತ ಒಂದು ಕಾಗದ ಭಾರವೇ?

ಸೊರಗಿದ ಅಡಿಕೆ ಸಸಿಯನ್ನು ಯಾರೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಬುಡ ಬಿಡಿಸಿ ನೋಡುತ್ತೇವೆ. ನೀರು ನಿಂತಿದೆಯೋ, ಬೇರು ತಿನ್ನುವ ಹುಳ ಇದೆಯೋ ಎಂದು ಹುಡುಕುತ್ತೇವೆ. ಆ ತಾಳ್ಮೆಯ ಅರ್ಧವನ್ನಾದರೂ ಮಕ್ಕಳಿಗೆ ಕೊಡೋಣ. ಇಂದು ಸಂಜೆ ಮಗು ಪುಸ್ತಕ ಹಿಡಿದು ತಡವರಿಸಿದಾಗ ಬೆತ್ತ ಬದಿಗಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. "ಎಲ್ಲಿ ಕಷ್ಟವಾಗುತ್ತದೆ, ತೋರಿಸು ಮಗಾ" ಎಂದು ಕೇಳಿ. ಎಷ್ಟೋ ಮಕ್ಕಳು ಯಾರಾದರೂ ಹಾಗೆ ಕೇಳಲಿ ಎಂದು ಕಾಯುತ್ತಿದ್ದಾರೆ.