ಭಾಷಾಂತರ ಯಂತ್ರವೂ ಹಪ್ಪಳದ ಗಿರಾಕಿಯೂ

ಪರಭಾಷೆಯನ್ನು ಕಲಿಯುವವನಿಗೆ ಭಾಷಾಂತರವು ಏಣಿಯೂ ಆಗಬಲ್ಲುದು, ಊರುಗೋಲೂ ಆಗಬಲ್ಲುದು. ಏಣಿಯಿಂದ ಮೇಲಕ್ಕೇರಬಹುದು, ಊರುಗೋಲನ್ನೇ ನೆಚ್ಚಿದವನ ಕಾಲು ದಿನದಿನಕ್ಕೆ ಬಲಗುಂದುವುದು. ಈಗ ಮನೆಮನೆಯ ಮೊಬೈಲಿನಲ್ಲಿಯೂ ಬಂದು ಕುಳಿತಿರುವ ಭಾಷಾಂತರ ಯಂತ್ರವು ನಮ್ಮ ಮಕ್ಕಳಿಗೆ ಇವೆರಡರಲ್ಲಿ ಯಾವುದಾಗುವುದೆಂಬುದು ಗೃಹಸ್ಥರೆಲ್ಲರೂ ಆಲೋಚಿಸತಕ್ಕ ವಿಷಯವಾಗಿದೆ.

ಈ ಯಂತ್ರದ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವೆನು. 1954ನೆಯ ಇಸವಿ ಜನವರಿ 7ರಂದು ನ್ಯೂಯಾರ್ಕ್ ನಗರದಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದವರೂ ಐ.ಬಿ.ಎಂ. ಕಂಪೆನಿಯವರೂ ಕೂಡಿ, 60ಕ್ಕೂ ಮಿಕ್ಕ ರಷ್ಯನ್ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೆ ತಿರುಗಿಸಿ ತೋರಿಸಿದರು. ಆ ಯಂತ್ರಕ್ಕೆ ತಿಳಿದಿದ್ದುದು 250 ಶಬ್ದಗಳು ಮತ್ತು 6 ವ್ಯಾಕರಣನಿಯಮಗಳು ಮಾತ್ರ. 1966ರಲ್ಲಿ ಅಮೆರಿಕದ ಪರಿಶೀಲನಾ ಸಮಿತಿಯೊಂದು ನಿರೀಕ್ಷಿಸಿದಷ್ಟು ಫಲ ಕಾಣಲಿಲ್ಲವೆಂದು ವರದಿ ಮಾಡಲು, ಅಲ್ಲಿ ಈ ಕೆಲಸಕ್ಕೆ ಧನಸಹಾಯವು ಬಹುಮಟ್ಟಿಗೆ ಕುಗ್ಗಿತು. ಗೂಗಲ್ ಕಂಪೆನಿಯ ಭಾಷಾಂತರ ಸಾಧನದಲ್ಲಿ ಕನ್ನಡವು ಸೇರಿದುದು 2011ರಲ್ಲಿ. ಈಗಿನ ಯಂತ್ರವು ಪಾಣಿನಿಯ ಶಿಷ್ಯನಂತೆ ಸೂತ್ರ ಹಿಡಿದು ನಡೆಯುವುದಿಲ್ಲ. ಅಸಂಖ್ಯಾತ ವಾಕ್ಯಗಳನ್ನೂ ಅವುಗಳ ಅನುವಾದಗಳನ್ನೂ ಆಧಾರವಾಗಿಟ್ಟುಕೊಂಡು, ಎಲ್ಲಿ ಯಾವ ಮಾತು ಬರುವುದು ಹೆಚ್ಚು ಸಂಭವವೆಂದು ಎಣಿಸಿ ವಾಕ್ಯವನ್ನು ಕಟ್ಟುವುದು. ಆದುದರಿಂದ ಅದರ ತಪ್ಪೂ ಸಹ ಒಪ್ಪವಾದ ಉಡುಪಿನಲ್ಲಿಯೇ ಬರುವುದು.

ನಮ್ಮ ನೆರೆಯಲ್ಲಿ ಒಬ್ಬ ಗೃಹಿಣಿ ಹಲಸಿನ ಹಪ್ಪಳವನ್ನೂ ಮಿಡಿ ಉಪ್ಪಿನಕಾಯಿಯನ್ನೂ ಮಾಡಿ ಪರಸ್ಥಳಗಳಿಗೆ ಕಳುಹಿಸಿ ಸಂಸಾರ ತೂಗಿಸುತ್ತಿರುವರು. ಅವರಿಗೆ ಇಂಗ್ಲಿಷು ಬಾರದು. ಏಳನೆಯ ತರಗತಿಯಲ್ಲಿ ಓದುವ ಮಗಳು ಯಂತ್ರದ ನೆರವಿನಿಂದ ಗಿರಾಕಿಗಳಿಗೆ ಉತ್ತರ ಬರೆಯುವಳು. ಕಳೆದ ಬೇಸಗೆಯಲ್ಲಿ ಮುಂಬಯಿಯ ಗಿರಾಕಿಯೊಬ್ಬರಿಗೆ ಹೀಗೆ ತಿಳಿಸಬೇಕಾಯಿತು: “ಅತ್ತೆಯವರು ಜ್ವರದಿಂದ ಮಲಗಿದ್ದಾರೆ. ಅವರು ಎದ್ದ ಮೇಲೆ ಹಪ್ಪಳ ಕಳುಹಿಸುತ್ತೇವೆ.” ಯಂತ್ರವು ಇದನ್ನು, ಅತ್ತೆ ಜ್ವರದಲ್ಲಿ ನಿದ್ರಿಸುತ್ತಿರುವಳು, ಅವರುಗಳು ಎಚ್ಚರಗೊಂಡ ಮೇಲೆ ಕಳುಹಿಸುವೆವು ಎಂಬರ್ಥದ ಇಂಗ್ಲಿಷಿಗೆ ತಿರುಗಿಸಿತು. ಗಿರಾಕಿಯು, ನಿಮ್ಮ ಮನೆಯವರೆಲ್ಲ ನಿದ್ರೆಯಿಂದ ಏಳುವವರೆಗೆ ಕಾಯಲು ನಮಗೆ ಪುರಸತ್ತಿಲ್ಲವೆಂದು ಬರೆದು, 10 ಕಟ್ಟು ಹಪ್ಪಳದ ಬೇಡಿಕೆಯನ್ನು ರದ್ದುಮಾಡಿದರು. “ಮೇಷ್ಟ್ರೇ, ನಾವು ಅಪಮಾನದ ಮಾತು ಏನು ಬರೆದೆವು?” ಎಂದು ಆ ತಾಯಿ ಕಣ್ಣೊರಸಿಕೊಂಡು ಕೇಳಿದರು.

ಕಾಗದವನ್ನು ನೋಡಿದೆನು. “ಮಲಗು” ಎಂಬ ನಮ್ಮ ಧಾತುವಿಗೆ ನಿದ್ರಿಸು, ಹಾಸಿಗೆ ಹಿಡಿ ಎಂಬ ಎರಡು ಅರ್ಥಗಳೂ ಸಲ್ಲುವುವು. “ಅವರು” ಎಂಬುದು ಬಹುವಚನವೂ ಅಹುದು, ಗೌರವಸೂಚಕವಾದ ಏಕವಚನವೂ ಅಹುದು, ಸ್ತ್ರೀಪುರುಷಭೇದವನ್ನೂ ತೋರದು. ಇಂಗ್ಲಿಷಿನ ‘ಶೀ’ ಎಂಬುದಾದರೋ ಸ್ತ್ರೀಯೊಬ್ಬಳಿಗೇ ಸಲ್ಲುವುದು. ಗೌರವಕ್ಕಾಗಿ ಅಲ್ಲಿ ಬಹುವಚನವಿಲ್ಲ. ಅಜ್ಜಿಗೆ ಮೊಮ್ಮಗಳು ಸಲ್ಲಿಸಿದ ಮರ್ಯಾದೆಯನ್ನು ಯಂತ್ರವು ಜನಸಂಖ್ಯೆಯೆಂದು ತಿಳಿಯಿತು.

ಇಂಗ್ಲೆಂಡಿನ ರೋಜರ್ ಆಸ್ಕಮ್ ಎಂಬ ಉಪಾಧ್ಯಾಯರು, 1570ರಲ್ಲಿ ಅಚ್ಚಾದ ‘ಸ್ಕೂಲ್‌ಮಾಸ್ಟರ್’ ಎಂಬ ಗ್ರಂಥದಲ್ಲಿ, ಲ್ಯಾಟಿನ್ ಕಲಿಯುವ ಹುಡುಗನು ಪಾಠವನ್ನು ಇಂಗ್ಲಿಷಿಗೆ ತಿರುಗಿಸಿ, ಕೆಲಹೊತ್ತಿನ ಬಳಿಕ ಅದನ್ನೇ ಮರಳಿ ಲ್ಯಾಟಿನ್ನಿಗೆ ತಂದು, ಮೂಲದೊಡನೆ ಹೋಲಿಸಿ ನೋಡಬೇಕೆಂದು ವಿಧಿಸಿರುವರು. ಇದನ್ನು ಯಂತ್ರದಿಂದಲೇ ಮಾಡಿಸಬಹುದಲ್ಲವೆ ಎಂದು ಹುಡುಗಿ ಕೇಳಿದಳು. ಮಾಡಿಸಿ ನೋಡಿದೆವು. ಆ ಇಂಗ್ಲಿಷಿನ ‘ದೇ’ ಎಂಬುದು ಮರಳಿ ಸೊಗಸಾಗಿ “ಅವರು” ಎಂದೇ ಬಂದಿತು! ಕಾಗದದಲ್ಲಿ ತಪ್ಪಿದ್ದರೂ ಹೋಲಿಕೆಯಲ್ಲಿ ಕಾಣಲಿಲ್ಲ. ಯಂತ್ರದ ತಪ್ಪಿಗೆ ಯಂತ್ರವನ್ನೇ ಸಾಕ್ಷಿ ಕರೆದರೆ ಹೀಗಾಗುವುದು. ಎರಡು ಭಾಷೆಗಳನ್ನೂ ಬಲ್ಲ ಮನುಷ್ಯನೊಬ್ಬನು ನಡುವೆ ನಿಲ್ಲಲೇಬೇಕು.

ಅಂದಿನಿಂದ ಒಂದು ಕ್ರಮವನ್ನು ಹಿಡಿದೆವು. ಜಪಾನಿನ ಕಾರ್ಖಾನೆಗಳಲ್ಲಿ ‘ಕೈಜೆನ್’ ಎಂಬ ಪದ್ಧತಿಯುಂಟು; ಕೆಲಸವನ್ನು ಪ್ರತಿದಿನವೂ ಕಿಂಚಿತ್ ಕಿಂಚಿತ್ತಾಗಿ ಉತ್ತಮಪಡಿಸುತ್ತ ಹೋಗುವುದೇ ಅದರ ಸಾರ. ಹಪ್ಪಳದ ವ್ಯಾಪಾರಕ್ಕೂ ಇಂಗ್ಲಿಷ್ ಪಾಠಕ್ಕೂ ಒಂದೇ ಪುಸ್ತಕವನ್ನಿಟ್ಟೆವು. ಎಡಪುಟದಲ್ಲಿ ಗಿರಾಕಿಯ ದೂರು: ಕಟ್ಟು ಒಡೆದಿತ್ತು, ಬೆಲೆ ತಿಳಿಯಲಿಲ್ಲ, ದಿನ ತಪ್ಪಿತು. ಬಲಪುಟದಲ್ಲಿ ಅದಕ್ಕೆ ಹುಡುಗಿಯು ಮೊದಲು ತಾನೇ ಬರೆದ ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಯಂತ್ರದ ವಾಕ್ಯ, ಅದರ ಕೆಳಗೆ ತಿದ್ದಿದ ವಾಕ್ಯ, ತಿದ್ದಿದುದಕ್ಕೆ ಕಾರಣ. ಯಂತ್ರಕ್ಕೆ ಕೊಡುವ ಕನ್ನಡವನ್ನೂ ತಿದ್ದಿದೆವು: ವಾಕ್ಯ ಚಿಕ್ಕದಾಗಿರಬೇಕು, ಕರ್ತೃಪದವನ್ನು ಬಿಡಬಾರದು, “ಮಲಗಿದ್ದಾರೆ” ಎನ್ನುವಲ್ಲಿ “ಕಾಯಿಲೆಯಾಗಿದೆ” ಎನ್ನಬೇಕು. ಭಾನುವಾರ ಸಾಯಂಕಾಲ ತಾಯಿಮಗಳು ಕುಳಿತು, ಆ ವಾರದ ದೂರು ಮರುಕಳಿಸಿತೆ ಎಂದು ನೋಡುವರು.

ಮುಂಬಯಿಯ ಗಿರಾಕಿ ಮರಳಿ ಬರಲಿಲ್ಲ. ಆದರೆ ಮೊನ್ನೆ ಹುಡುಗಿ ಓಡಿಬಂದು, “ಮೇಷ್ಟ್ರಜ್ಜ, ಈ ಸಲ ಯಂತ್ರ ಬರೆದದ್ದು ಸರಿ, ನಾನು ಬರೆದದ್ದೇ ತಪ್ಪು, ಏಕೆಂದೂ ಗೊತ್ತಾಯಿತು” ಎಂದಳು. ತನ್ನ ತಪ್ಪಿಗೆ ಕಾರಣವನ್ನು ತಾನೇ ಹೇಳಬಲ್ಲ ವಿದ್ಯಾರ್ಥಿಗೆ ಯಾವ ಯಂತ್ರದ ಭಯವೂ ಇಲ್ಲ. ಮಕ್ಕಳ ಕೈಯಿಂದ ಅದನ್ನು ಕಸಿದುಕೊಳ್ಳುವುದು ಅನಾವಶ್ಯಕ. ಅದರ ಉತ್ತರವನ್ನು ಹಾಗೆಯೇ ನಕಲು ಮಾಡಿಕೊಳ್ಳಬಿಡುವುದು ಅಪಾಯಕರ. ಯಂತ್ರ ಬರೆಯಲಿ, ಮಗು ತಿದ್ದಲಿ. ಏಕೆ ತಿದ್ದಿದೆಯೆಂದು ಹಿರಿಯರು ಪಕ್ಕದಲ್ಲಿ ಕುಳಿತು ಕೇಳಲಿ. ಹೀಗೆ ಕೇಳುವುದಕ್ಕೆ ಇಂಗ್ಲಿಷು ಬರಬೇಕೆಂದೇನೂ ಇಲ್ಲ. ಆ ತಾಯಿಗೂ ಬಾರದು.