ಪೋಲಿಷ್ ನುಡಿಯಲ್ಲಿ ವಂದನೆ ಮತ್ತು ವಿನಯ

ಪರಭಾಷೆಯನ್ನು ಕಲಿಯಹೊರಟವರು ಮೊತ್ತಮೊದಲು ಅಭ್ಯಾಸ ಮಾಡುವುದು ವಂದನೆಯ ಮಾತುಗಳನ್ನು. ನಾಲ್ಕಾರು ಪದಗಳನ್ನು ಬಾಯಿಪಾಠ ಮಾಡಿದರೆ ಸಾಕೆಂದು ಹಲವರು ಬಗೆಯುವರು. ಆದರೆ ವಿನಯವು ಪದಗಳಲ್ಲಿ ಮಾತ್ರವಲ್ಲ, ವ್ಯಾಕರಣದಲ್ಲಿಯೂ ನೆಲೆಸಿರುವುದುಂಟು. ಪೋಲೆಂಡ್ ದೇಶದ ಪೋಲಿಷ್ ಭಾಷೆಯು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಹಗಲಿನಲ್ಲಿ ಯಾರನ್ನು ಕಂಡರೂ ‘ಜೆನ್ ದೊಬ್ರಿ’ ಎನ್ನುವುದು ಅಲ್ಲಿಯ ಪದ್ಧತಿ. ‘ಜೆನ್’ ಎಂದರೆ ದಿನ. ‘ದೊಬ್ರಿ’ ಎಂದರೆ ಒಳ್ಳೆಯದು. ಈ ‘ಜೆನ್’ ಶಬ್ದವು ಸಂಸ್ಕೃತದ ‘ದಿನ’ ಶಬ್ದಕ್ಕೆ ಜ್ಞಾತಿಯೆಂಬುದು ಗಮನಾರ್ಹ. ಸಂಜೆ ‘ದೊಬ್ರಿ ವ್ಯೆಚುರ್’ ಎಂದೂ, ರಾತ್ರಿ ಮಲಗಲು ತೆರಳುವಾಗ ‘ದೊಬ್ರಾನೊತ್ಸ್’ ಎಂದೂ ಹೇಳುವರು. ಬೀಳ್ಕೊಳ್ಳುವಾಗ ‘ದೊ ವಿಜೆನ್ಯಾ’ ಎನ್ನಬೇಕು. ‘ಮತ್ತೆ ಕಾಣುವವರೆಗೆ’ ಎಂದು ಇದರ ಅರ್ಥ. ನಮ್ಮ ‘ಹೋಗಿಬರುತ್ತೇನೆ’ ಎಂಬ ಮಾತಿನ ಭಾವವೇ ಇಲ್ಲಿಯೂ ಇದೆ. ಗೆಳೆಯರು ಮಾತ್ರ ಕೂಡುವಾಗಲೂ ಅಗಲುವಾಗಲೂ ‘ಚೆಶ್ಚ್’ ಎನ್ನುವರು. ಆ ಶಬ್ದದ ಮೂಲಾರ್ಥವು ‘ಗೌರವ’ವೇ ಆದರೂ ಅದನ್ನು ಹಿರಿಯರಲ್ಲಿ, ಅಪರಿಚಿತರಲ್ಲಿ ಬಳಸುವುದು ಉಚಿತವಲ್ಲ.

ಕೃತಜ್ಞತೆಗೆ ‘ಜೆಂಕುಯೆ’, ಕ್ಷಮಾಯಾಚನೆಗೆ ‘ಪ್ಶೆಪ್ರಾಶಾಮ್’. ‘ಪ್ರೊಶೆ’ ಎಂಬುದಂತೂ ಬಹೂಪಯೋಗಿ: ‘ದಯವಿಟ್ಟು’, ‘ತೆಗೆದುಕೊಳ್ಳಿ’, ‘ಒಳಗೆ ಬನ್ನಿ’, ‘ಅದಕ್ಕೇನಂತೆ’ ಎಂಬ ಅರ್ಥಗಳೆಲ್ಲವೂ ಅದಕ್ಕುಂಟು. ಇಲ್ಲೊಂದು ಎಚ್ಚರಿಕೆ ಅಗತ್ಯ. ಯಾರಾದರೂ ಚಹಾ ಬೇಕೇ ಎಂದು ಕೇಳಿದಾಗ ಬರಿಯ ‘ಜೆಂಕುಯೆ’ ಎಂದರೆ ‘ಬೇಡ’ವೆಂದೇ ಸಾಮಾನ್ಯವಾಗಿ ತಿಳಿಯುವರು, ಬೇಕಾದವರು ‘ಪ್ರೊಶೆ’ ಎನ್ನತಕ್ಕದ್ದು. ಉಚ್ಚಾರಣೆಯಲ್ಲಿ ಒತ್ತು ಬಹುಮಟ್ಟಿಗೆ ಕೊನೆಯ ಹಿಂದಿನ ಅಕ್ಷರದ ಮೇಲೆ ಬೀಳುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಪೋಲಿಷ್‌ನಲ್ಲಿ ‘ತಿ’ ಎಂದರೆ ನೀನು. ಇದು ಮನೆಯವರಿಗೆ, ಮಿತ್ರರಿಗೆ, ಮಕ್ಕಳಿಗೆ ಸಲ್ಲುವ ಮಾತು. ಉಳಿದವರಲ್ಲಿ ಪುರುಷರನ್ನು ‘ಪಾನ್’ ಎಂದೂ, ಸ್ತ್ರೀಯರನ್ನು ‘ಪಾನಿ’ ಎಂದೂ ಕರೆಯಬೇಕು. ಆಗ ಕ್ರಿಯಾಪದವೂ ಬದಲಾಗುತ್ತದೆ. ‘ನೀನು ಮಾತನಾಡುತ್ತೀಯೆ’ ಎಂಬುದಕ್ಕೆ ‘ತಿ ಮುವಿಶ್’. ಗೌರವದಿಂದ ಹೇಳುವಾಗ ‘ಪಾನ್ ಮುವಿ’, ಅರ್ಥಾತ್ ‘ಮಹನೀಯನು ಮಾತನಾಡುತ್ತಾನೆ’. ಸಂಸ್ಕೃತ ಬಲ್ಲವರಿಗೆ ಇದು ಹೊಸತಲ್ಲ. ‘ತ್ವಂ ಗಚ್ಛಸಿ’ ಎಂಬಲ್ಲಿ ಮಧ್ಯಮ ಪುರುಷ. ‘ಭವಾನ್ ಗಚ್ಛತಿ’ ಎಂಬಲ್ಲಿ ಎದುರಿನವನನ್ನೇ ಉದ್ದೇಶಿಸಿದ್ದರೂ ಪ್ರಥಮ ಪುರುಷ. ನಾವು ಕನ್ನಡಿಗರು ‘ನೀವು’, ‘ತಾವು’ ಎಂದು ಬಹುವಚನದಿಂದ ತೋರುವ ಗೌರವವನ್ನು ಅವರು ಪುರುಷವ್ಯತ್ಯಯದಿಂದ ತೋರುವರು. ಶಾಲೆಯ ಮಕ್ಕಳು ಅಧ್ಯಾಪಿಕೆಯನ್ನು ಕರೆಯುವುದೂ ‘ಪ್ರೊಶೆ ಪಾನಿ’ ಎಂದೇ. ಪದವೊಂದು ತಪ್ಪಿದರೆ ಕೇಳಿದವರು ನಕ್ಕು ತಿದ್ದಬಹುದು. ಸಂಬೋಧನೆ ತಪ್ಪಿದರೆ ಮನಸ್ಸು ನೋಯುವುದು. ‘ತಿ’ ಎಂದು ಕರೆಯಲು ಅನುಮತಿ ನೀಡುವ ಅಧಿಕಾರ ಹಿರಿಯರದು. ಕಿರಿಯರು ಅದಕ್ಕಾಗಿ ಕಾಯಬೇಕು.

‘ಪಾನ್’ ಎಂದರೆ ಮೂಲತಃ ಒಡೆಯ, ಪ್ರಭು. ಒಂದು ಕಾಲದಲ್ಲಿ ಕುಲೀನರಿಗೆ ಮೀಸಲಾಗಿದ್ದ ಈ ಬಿರುದು ಇಂದು ವಾಹನ ನಡೆಸುವವನಿಗೂ, ತರಕಾರಿ ಮಾರುವವಳಿಗೂ ಸಮಾನವಾಗಿ ಸಲ್ಲುತ್ತದೆ. ಎರಡನೆಯ ಮಹಾಯುದ್ಧದ ತರುವಾಯ 1989ರವರೆಗೆ ನಡೆದ ಕಮ್ಯೂನಿಸ್ಟ್ ಆಡಳಿತದಲ್ಲಿ ಸಂಗಾತಿ ಎಂಬರ್ಥದ ‘ತೊವಾಝಿಶ್’ ಶಬ್ದಕ್ಕೆ ಪ್ರೋತ್ಸಾಹವಿದ್ದಿತು. ಆದರೂ ಜನರು ‘ಪಾನ್’, ‘ಪಾನಿ’ಗಳನ್ನು ಬಿಡಲಿಲ್ಲ.

ನುಡಿಯ ಮೇಲಣ ಈ ನಿಷ್ಠೆ ಅವರಿಗೆ ಹೊಸದಲ್ಲ. 1795ರಿಂದ 1918ರವರೆಗೆ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಹಂಚಿಕೊಂಡಿದ್ದ ಪೋಲೆಂಡಿಗೆ ಸ್ವಂತ ರಾಜ್ಯವೇ ಇರಲಿಲ್ಲ. 1901ರಲ್ಲಿ ಪ್ರಷ್ಯಾದ ಆಡಳಿತಕ್ಕೊಳಪಟ್ಟಿದ್ದ ವ್‌ಝೆಶ್ನ್ಯಾ ಊರಿನ ಶಾಲಾಮಕ್ಕಳು ಧರ್ಮಪಾಠವನ್ನು ಜರ್ಮನ್ ಭಾಷೆಯಲ್ಲಿ ಒಪ್ಪಿಸಲೊಲ್ಲದೆ ಬೆತ್ತದೇಟು ತಿಂದರು. ಎರಡನೆಯ ಮಹಾಯುದ್ಧದಲ್ಲಿ ನೆಲೆ ಕಳೆದುಕೊಂಡ ಸುಮಾರು 5,000 ಪೋಲಿಷ್ ನಿರಾಶ್ರಿತರು, ಬಹುತೇಕ ಸ್ತ್ರೀಯರು ಮತ್ತು ಮಕ್ಕಳು, ನಮ್ಮ ಗಡಿಗೆ ದೂರವಲ್ಲದ ಕೊಲ್ಲಾಪುರದ ಬಳಿಯ ವಳಿವಡೆಯಲ್ಲಿ 1943ರಿಂದ 1948ರವರೆಗೆ ಆಶ್ರಯ ಪಡೆದಿದ್ದರು. ಅಲ್ಲಿಯೂ ಅವರು ತಮ್ಮ ಭಾಷೆಯ ಶಾಲೆಗಳನ್ನು ನಡೆಸಿದರು.

ಆದುದರಿಂದ ವಿದ್ಯಾರ್ಥಿಗಳೇ, ಪೋಲಿಷ್ ಜನರೊಡನೆ ಮಾತನಾಡುವ ಸಂದರ್ಭ ಒದಗಿದರೆ ಪದ ಹುಡುಕುವ ಮೊದಲು ಎದುರಿಗಿರುವವರು ಯಾರೆಂಬುದನ್ನು ಅರಿಯಿರಿ. ‘ಜೆನ್ ದೊಬ್ರಿ, ಪಾನಿ’ ಎಂದು ಮಾತನ್ನು ಆರಂಭಿಸಿದರೆ ಮುಂದಿನ ತಪ್ಪುಗಳನ್ನು ಅವರು ಪ್ರೀತಿಯಿಂದಲೇ ತಿದ್ದುವರು.